ಓಪನ್-ಬ್ಯಾಕ್ ಹೆಡ್‌ಫೋನ್: ಕೊಳ್ಳುವ ಮುನ್ನ ಹೋಲಿಸಿ ಕೇಳುವ ಬಗೆ

ಒಂದು ಹೆಡ್‌ಫೋನನ್ನು ತಲೆಯಿಂದ ತೆಗೆದು ಇನ್ನೊಂದನ್ನು ಹಾಕಿಕೊಂಡಾಗ ಬದಲಾದದ್ದು ಹೆಡ್‌ಫೋನ್ ಮಾತ್ರ ಎಂದು ನಾವು ಭಾವಿಸುತ್ತೇವೆ. ಆದರೆ ಅದರ ಜೊತೆಯಲ್ಲೇ ಧ್ವನಿಯ ಮಟ್ಟ ಬದಲಾಗಿರುತ್ತದೆ, ಕಿವಿಯ ಸುತ್ತ ಪ್ಯಾಡ್ ಕೂರುವ ರೀತಿ ಬದಲಾಗಿರುತ್ತದೆ, ಆಂಪ್ಲಿಫೈಯರ್ ಎದುರಿಸುವ ಹೊರೆ ಬದಲಾಗಿರುತ್ತದೆ, ಹೆಸರನ್ನೂ ಬೆಲೆಯನ್ನೂ ಮೊದಲೇ ತಿಳಿದಿರುವ ನಮ್ಮ ನಿರೀಕ್ಷೆಯೂ ಬದಲಾಗಿರುತ್ತದೆ. ಇಷ್ಟೆಲ್ಲ ಏಕಕಾಲಕ್ಕೆ ಬದಲಾದ ಮೇಲೆ ‘ಇದು ಅದಕ್ಕಿಂತ ಸ್ಪಷ್ಟವಾಗಿದೆ’ ಎಂದರೆ, ಆ ಸ್ಪಷ್ಟತೆಯನ್ನು ಯಾವುದರ ಲೆಕ್ಕಕ್ಕೆ ಬರೆಯಬೇಕು? ಯಾವ ಮಾದರಿಯನ್ನು ಕೊಳ್ಳಬೇಕೆಂದು ನಾನು ಇಲ್ಲಿ ಹೇಳುವುದಿಲ್ಲ. ಉಳಿದ ಬದಲಾವಣೆಗಳನ್ನು ಒಂದೊಂದಾಗಿ ತಡೆದು ನಿಲ್ಲಿಸಿ, ಹೆಡ್‌ಫೋನ್‌ನದೇ ಆದ ವ್ಯತ್ಯಾಸವನ್ನು ಕೇಳಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ವಿಷಯ.

ಮೊದಲು ಓಪನ್-ಬ್ಯಾಕ್ ಎಂಬ ರಚನೆಯ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಮುಂದಿನ ಅನೇಕ ತೊಡಕುಗಳು ಹುಟ್ಟುವುದು ಅಲ್ಲಿಂದಲೇ. ಹೆಡ್‌ಫೋನಿನಲ್ಲಿ ಶಬ್ದ ಹುಟ್ಟಿಸುವ ಭಾಗವಾದ ಡ್ರೈವರಿನ ಪೊರೆ ಮುಂದಕ್ಕೂ ಹಿಂದಕ್ಕೂ ಅಲುಗುವುದರಿಂದ ಎರಡೂ ಕಡೆ ಶಬ್ದವನ್ನು ಹುಟ್ಟಿಸುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲಿ ಹಿಂದಿನ ಶಬ್ದ ಬಟ್ಟಲಿನೊಳಗೇ ಉಳಿದು, ಗೋಡೆಗೆ ಬಡಿದು, ಒಂದು ಭಾಗ ಪೊರೆಯ ಮೂಲಕ ಕಿವಿಗೆ ಹಿಂತಿರುಗುತ್ತದೆ. ತಯಾರಕರು ಅದನ್ನು ಅಡಗಿಸಲು ಬಹಳ ಶ್ರಮಪಡಬೇಕಾಗುತ್ತದೆ. ಓಪನ್-ಬ್ಯಾಕ್‌ನಲ್ಲಿ ಆ ಶಬ್ದವನ್ನು ಜಾಲರಿಯ ಮೂಲಕ ಹೊರಗೆ ಬಿಟ್ಟುಬಿಡುತ್ತಾರೆ. 1968ರಲ್ಲಿ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 414 ಈ ಉಪಾಯದೊಂದಿಗೆ ಮಾರುಕಟ್ಟೆಗೆ ಬಂದಾಗ, ದಪ್ಪ ಮೆತ್ತೆಯ ಭಾರದ ಹೆಡ್‌ಫೋನ್‌ಗಳಿಗೆ ಒಗ್ಗಿದ್ದ ಜನರಿಗೆ ಹಳದಿ ಸ್ಪಂಜಿನ ಆ ಹಗುರ ಸಾಧನ ವಿಚಿತ್ರವಾಗಿ ಕಂಡಿರಬೇಕು. ಆದರೂ ಅದು ಲಕ್ಷಗಟ್ಟಲೆ ಮಾರಾಟವಾಯಿತು.

ಹಿಂದಿನ ಬಾಗಿಲನ್ನು ತೆರೆದಿಟ್ಟದ್ದಕ್ಕೆ ಎರಡು ದಂಡಗಳಿವೆ. ಒಂದು, ಹೊರಗಿನ ಶಬ್ದ ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. ಎರಡನೆಯದು ಬೇಸ್‌ಗೆ ಸಂಬಂಧಿಸಿದ್ದು. 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು ಏಳು ಮೀಟರ್. ಅದರ ಮುಂದೆ ಡ್ರೈವರಿನ ಮುಂಭಾಗ ಮತ್ತು ಹಿಂಭಾಗಗಳ ನಡುವಿನ ಕೆಲವು ಸೆಂಟಿಮೀಟರ್ ಅಂತರ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಮುಂದಿನ ಒತ್ತಡ ಮತ್ತು ಹಿಂದಿನ ಒತ್ತಡ ಸಂದುಗಳ ಮೂಲಕ ಸಂಧಿಸಿ ಒಂದನ್ನೊಂದು ಕಳೆದುಹಾಕುತ್ತವೆ. ಡೈನಾಮಿಕ್ ಡ್ರೈವರಿರುವ (ತಂತಿಯ ಸುರುಳಿಯಿಂದ ಪೊರೆಯನ್ನು ಅಲುಗಿಸುವ ಸಾಮಾನ್ಯ ಬಗೆಯ) ಅನೇಕ ಓಪನ್-ಬ್ಯಾಕ್‌ಗಳಲ್ಲಿ 100 ಹರ್ಟ್ಸ್ ಸುತ್ತಮುತ್ತಲಿನ ಸಣ್ಣ ಉಬ್ಬಿನಿಂದ ಕೆಳಗೆ ಬೇಸ್ ಜಾರುತ್ತಾ ಹೋಗುವುದು ಇದರಿಂದಲೇ. ಪ್ಲೇನಾರ್ ಮ್ಯಾಗ್ನೆಟಿಕ್ ಬಗೆಯವು, ಅಂದರೆ ಅಯಸ್ಕಾಂತಗಳ ಎದುರು ಚಪ್ಪಟೆ ಪೊರೆಯಿಡೀ ಒಟ್ಟಿಗೆ ಅಲುಗುವಂಥವು, ಪ್ಯಾಡ್ ಸರಿಯಾಗಿ ಕೂತಾಗ ಆಳದವರೆಗೂ ಮಟ್ಟಸವಾಗಿ ನಿಲ್ಲುವುದುಂಟು. ಓಪನ್-ಬ್ಯಾಕ್ ಎಂದರೆ ಬೇಸ್ ಇಲ್ಲದ್ದು ಎಂಬ ಮಾತನ್ನು ಹಾಗೆಯೇ ಒಪ್ಪಬೇಕಿಲ್ಲ. ಆದರೆ ಯಾವುದರಲ್ಲಿ ಎಷ್ಟು ಆಳಕ್ಕಿದೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಕೇಳುವುದಾದರೂ ಎಲ್ಲಿ? ಪ್ರದರ್ಶನದ ಸಭಾಂಗಣದಲ್ಲಿಯೋ ಜನ ಓಡಾಡುವ ಮಳಿಗೆಯಲ್ಲಿಯೋ ಓಪನ್-ಬ್ಯಾಕ್ ಪರೀಕ್ಷಿಸಿದವರು ಮನೆಗೆ ಬಂದು ‘ಅಲ್ಲಿ ಕೇಳಿದ್ದು ಇದಲ್ಲ’ ಎನ್ನುವುದನ್ನು ನೀವೂ ಕೇಳಿರಬಹುದು. ಸುತ್ತಲಿನ ಗದ್ದಲ ಸಂಗೀತದ ಮೆಲುದನಿಯ ಭಾಗಗಳನ್ನು ಮುಚ್ಚಿಬಿಡುತ್ತದೆ, ಅದರಲ್ಲೂ ತಗ್ಗಿನ ಸ್ವರಗಳನ್ನು ಹೆಚ್ಚಾಗಿ. ಅಂಥ ಸ್ಥಳದಲ್ಲಿ ಟ್ರೆಬಲ್ ಹೆಚ್ಚಿರುವ ಹೆಡ್‌ಫೋನ್ ಗದ್ದಲವನ್ನು ಸೀಳಿಕೊಂಡು ಬಂದು ಸ್ಪಷ್ಟವೆನಿಸುತ್ತದೆ, ಬೇಸ್ ಉಬ್ಬಿಸಿದ್ದು ತುಂಬುದನಿಯೆನಿಸುತ್ತದೆ, ಸಮತೋಲದಲ್ಲಿರುವುದು ಸಪ್ಪೆಯೆನಿಸುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಈ ಮೂರರ ಕ್ರಮ ತಲೆಕೆಳಗಾಗಬಹುದು. ಆದ್ದರಿಂದ ಫ್ಯಾನ್ ಸಹ ನಿಲ್ಲಿಸಿದ ಕೋಣೆಯಲ್ಲಿ ಕೇಳಲು ಸಾಧ್ಯವಿಲ್ಲವೆಂದಾದರೆ, ಆ ಭೇಟಿಯಲ್ಲಿ ತೂಕ, ಬಿಗಿತ, ಕಿವಿಗೆ ಪ್ಯಾಡ್ ತಾಗುತ್ತದೆಯೇ ಎಂಬುದನ್ನು ಮಾತ್ರ ನೋಡಿ, ನಾದದ ತೀರ್ಮಾನವನ್ನು ಮುಂದಕ್ಕೆ ಹಾಕುವುದು ಲೇಸು. ವಾಪಸು ಕೊಡುವ ಅವಕಾಶವಿಟ್ಟುಕೊಂಡು ಮನೆಗೆ ತಂದು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು.

ಈಗ ಧ್ವನಿಯ ಮಟ್ಟದ ವಿಚಾರ. ಹೋಲಿಕೆಗಳು ಕೆಡುವುದು ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೇ ಹೆಡ್‌ಫೋನನ್ನು ಎರಡು ಸಲ ಕೇಳಿಸಿ, ಎರಡನೆಯ ಸಲ ಒಂದು ಡೆಸಿಬಲ್‌ನಷ್ಟು ಮಾತ್ರ ಏರಿಸಿದರೆ, ಕೇಳುವವರಿಗೆ ಅದು ಜೋರಾಯಿತು ಎಂದು ತೋರದೆ ಹೆಚ್ಚು ಜೀವಂತವಾಗಿದೆ, ವಿಶಾಲವಾಗಿದೆ, ಬೇಸ್ ತುಂಬಿಕೊಂಡಿದೆ ಎಂದು ತೋರಬಹುದು. ಇದಕ್ಕೆ ಶರೀರದಲ್ಲೇ ಒಂದು ಕಾರಣವಿದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಸಮಗಟ್ಟಿತನದ ರೇಖೆಗಳು (ಬೇರೆ ಬೇರೆ ಸ್ವರಗಳು ಒಂದೇ ಜೋರಿನಲ್ಲಿ ಕೇಳಲು ಎಷ್ಟೆಷ್ಟು ಮಟ್ಟ ಬೇಕೆಂಬ ನಕ್ಷೆ) ತೋರಿಸಿದಂತೆ, ಮಟ್ಟ ಕಡಿಮೆಯಿದ್ದಾಗ ನಮ್ಮ ಕಿವಿ ತಗ್ಗಿನ ಸ್ವರಗಳಿಗೆ ಮಧ್ಯದ ಸ್ವರಗಳಿಗಿಂತ ಬಹಳ ಮಂದವಾಗಿರುತ್ತದೆ. ಮಟ್ಟ ಏರಿದಂತೆ ಆ ಅಂತರ ಕುಗ್ಗುತ್ತದೆ. ವಾಲ್ಯೂಮ್ ಬದಲಾದರೆ ನಾದದ ಸಮತೋಲವೂ ಬದಲಾದಂತೆಯೇ ಕೇಳುತ್ತದೆ ಎಂದು ಇದರ ಅರ್ಥ.

ಹೆಡ್‌ಫೋನ್‌ಗಳ ವಿಷಯದಲ್ಲಿ ವಾಲ್ಯೂಮ್ ಗುಂಡಿಯನ್ನು ಒಂದೇ ಜಾಗದಲ್ಲಿ ಇಟ್ಟರೆ ಮಟ್ಟ ಒಂದೇ ಆಗುವುದಿಲ್ಲ. ಎಷ್ಟು ವಿದ್ಯುತ್ತಿಗೆ ಎಷ್ಟು ಜೋರಾಗುತ್ತದೆಂದು ಹೇಳುವ, ಪೆಟ್ಟಿಗೆಯ ಮೇಲೆ ಅಚ್ಚಾದ ಸೆನ್ಸಿಟಿವಿಟಿ ಅಂಕಿಗಳೂ ದಾರಿ ತಪ್ಪಿಸುತ್ತವೆ, ಏಕೆಂದರೆ ಕೆಲವು ತಯಾರಕರು ಒಂದು ಮಿಲಿವ್ಯಾಟ್‌ಗೆ ಇಷ್ಟು ಡೆಸಿಬಲ್ ಎಂದೂ, ಕೆಲವರು ಒಂದು ವೋಲ್ಟ್‌ಗೆ ಇಷ್ಟು ಎಂದೂ ಕೊಡುತ್ತಾರೆ. ಎರಡು ಪೆಟ್ಟಿಗೆಗಳ ಮೇಲೂ 100 ಎಂದಿದೆ ಎಂದುಕೊಳ್ಳಿ. ಒಂದರ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 32 ಓಮ್; ಅದರ ಅಂಕಿ ಮಿಲಿವ್ಯಾಟ್‌ಗೆ. ಇನ್ನೊಂದರ ಅಂಕಿ ವೋಲ್ಟ್‌ಗೆ. ಮೊದಲನೆಯದಕ್ಕೆ ಒಂದು ವೋಲ್ಟ್ ಕೊಟ್ಟರೆ ಅದು ಸುಮಾರು 31 ಮಿಲಿವ್ಯಾಟ್ ಎಳೆದುಕೊಂಡು 115 ಡೆಸಿಬಲ್‌ಗೆ ಏರುತ್ತದೆ, ಎರಡನೆಯದು 100ರಲ್ಲೇ ಇರುತ್ತದೆ. ಹದಿನೈದು ಡೆಸಿಬಲ್ ಅಂತರದಲ್ಲಿ ಕೇಳಿದ ಎರಡು ಹೆಡ್‌ಫೋನ್‌ಗಳ ನಡುವೆ ನಾದದ ಗುಣವನ್ನು ಹೋಲಿಸಲು ಆಗುವುದಿಲ್ಲ.

ಮಟ್ಟವನ್ನು ಸರಿದೂಗಿಸುವುದು ಹೇಗೆ? ಪೂರ್ಣ ಸಂಗೀತವನ್ನು ಹಾಕಿ ಸರಿದೂಗಿಸಲು ಹೋದರೆ ಬೇಸ್ ಹೆಚ್ಚಿರುವುದು ಜೋರಾಗಿ ಕೇಳಿ ಅಂದಾಜು ತಪ್ಪುತ್ತದೆ. ಅದರ ಬದಲು 500ರಿಂದ 2000 ಹರ್ಟ್ಸ್ ನಡುವಣ ಪಟ್ಟಿಗೆ ಸೀಮಿತವಾದ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ, ಎಡೆಬಿಡದೆ ಭೋರ್ಗರೆಯುವ ಶಬ್ದ), ಅದು ಸಿಗದಿದ್ದರೆ ವಾದ್ಯಗಳಿಲ್ಲದ ಒಂದೇ ಕಂಠದ ಧ್ವನಿಮುದ್ರಣ ಬಳಸಿ. ಡೆಸಿಬಲ್ ಅಂಕಿ ತೋರಿಸುವ ಡಿಜಿಟಲ್ ವಾಲ್ಯೂಮ್ ಇರುವ ಸಾಧನವಾದರೆ ಪ್ರತಿಯೊಂದು ಹೆಡ್‌ಫೋನಿಗೂ ಒಪ್ಪುವ ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬದಲಿಸುವಾಗಲೆಲ್ಲ ಅದಕ್ಕೇ ಮರಳಬಹುದು. ಇಷ್ಟಾದರೂ ಕಿವಿಯ ಅಂದಾಜಿನಲ್ಲಿ ಸ್ವಲ್ಪ ತಪ್ಪು ಉಳಿಯುತ್ತದೆ. ಅದನ್ನು ಹಿಡಿಯುವ ಒಂದು ಸುಲಭ ಉಪಾಯವೆಂದರೆ, ನಿಮಗೆ ಕಡಿಮೆ ಇಷ್ಟವಾದ ಹೆಡ್‌ಫೋನನ್ನು ಬೇಕೆಂದೇ ಒಂದು ಡೆಸಿಬಲ್ ಏರಿಸಿ ಮತ್ತೆ ಕೇಳುವುದು. ಅಷ್ಟಕ್ಕೇ ನಿಮ್ಮ ಒಲವು ಆ ಕಡೆಗೆ ವಾಲಿದರೆ, ಮೊದಲಿನ ತೀರ್ಪು ವಾಲ್ಯೂಮಿನ ತೀರ್ಪಾಗಿತ್ತು ಎಂದು ತಿಳಿಯಬೇಕು. ವಾಲದಿದ್ದರೆ ನಿಮ್ಮ ಕೈಯಲ್ಲಿ ನಿಜವಾದ ಒಂದು ವ್ಯತ್ಯಾಸವಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿ ಮುಂದಕ್ಕೆ ಹೋಗುತ್ತೇನೆ. ಹೋಲಿಸುತ್ತಾ ಕುಳಿತವರು ಗೊತ್ತಿಲ್ಲದೆಯೇ ಮಟ್ಟವನ್ನು ಏರಿಸುತ್ತಾ ಹೋಗುತ್ತಾರೆ. ಸುತ್ತಲಿನ ಶಬ್ದವನ್ನು ತಡೆಯದ ಓಪನ್-ಬ್ಯಾಕ್‌ನಲ್ಲಿ ಈ ಪ್ರವೃತ್ತಿ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳುವುದು ಸುರಕ್ಷಿತ. 90ಕ್ಕೆ ಏರಿಸಿದರೆ ಆ ಅವಧಿ ವಾರಕ್ಕೆ ನಾಲ್ಕು ಗಂಟೆಗೆ ಇಳಿಯುತ್ತದೆ. ದಣಿದ ಕಿವಿಯಿಂದ ಒಳ್ಳೆಯ ಹೋಲಿಕೆಯೂ ಸಾಧ್ಯವಿಲ್ಲ.

ಆಂಪ್ಲಿಫೈಯರ್ ವಿಚಾರದಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಆಂಪ್ಲಿಫೈಯರಿನ ಹೊರದಾರಿಯಲ್ಲಿರುವ ತಡೆ. ಡೈನಾಮಿಕ್ ಹೆಡ್‌ಫೋನಿನ ಇಂಪಿಡೆನ್ಸ್ ಎಲ್ಲ ಆವರ್ತನಗಳಲ್ಲೂ ಒಂದೇ ಇರುವುದಿಲ್ಲ. ಡ್ರೈವರಿನ ಅನುರಣನದ ಬಳಿ, ಅಂದರೆ ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸಿನಲ್ಲಿ, ಅದು ಮೇಲೇರುತ್ತದೆ. 300 ಓಮ್‌ನ ಹೆಡ್‌ಫೋನ್ ಅಲ್ಲಿ 500 ಓಮ್ ಮುಟ್ಟುತ್ತದೆ ಎಂದಿಟ್ಟುಕೊಂಡು, 120 ಓಮ್ ಔಟ್‌ಪುಟ್ ಇರುವ ಸಾಧನಕ್ಕೆ ಜೋಡಿಸಿದರೆ, ಬೇಸ್ ಸುಮಾರು ಒಂದು ಡೆಸಿಬಲ್ ಉಬ್ಬುತ್ತದೆ. ಅದೇ ಸಾಧನಕ್ಕೆ 32 ಓಮ್‌ನ, ಅನುರಣನದಲ್ಲಿ 64 ಓಮ್ ಆಗುವ ಹೆಡ್‌ಫೋನ್ ಜೋಡಿಸಿದರೆ ಉಬ್ಬು ನಾಲ್ಕು ಡೆಸಿಬಲ್ ದಾಟುತ್ತದೆ. ಪ್ಲೇನಾರ್ ಹೆಡ್‌ಫೋನ್‌ಗಳ ಇಂಪಿಡೆನ್ಸ್ ಬಹುಮಟ್ಟಿಗೆ ಸಮತಟ್ಟಾದ್ದರಿಂದ ಅವಕ್ಕೆ ಈ ಬಾಧೆ ಇಲ್ಲ. ಹೆಡ್‌ಫೋನಿನ ಇಂಪಿಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಔಟ್‌ಪುಟ್ ಇಂಪಿಡೆನ್ಸ್ ಇರುವ ಆಂಪ್ಲಿಫೈಯರ್ ಬಳಸಿದರೆ ಈ ಗೊಂದಲ ಬಹುತೇಕ ತಪ್ಪುತ್ತದೆ. ಅಂಥ ಆಂಪ್ಲಿಫೈಯರ್ ಸಾಕಷ್ಟು ವೋಲ್ಟೇಜನ್ನೂ ಕೊಡಬಲ್ಲುದಾದರೆ, ಮುಂದೆ ಅದನ್ನು ಬದಲಿಸಿ ನಾದವನ್ನು ಹುಡುಕುವ ಶ್ರಮಕ್ಕೆ ತಕ್ಕ ಫಲವಿಲ್ಲ ಎಂಬುದು ನನ್ನ ಅಭಿಪ್ರಾಯ.

ತಲೆಯ ಮೇಲೆ ಹೆಡ್‌ಫೋನ್ ಕೂರುವ ರೀತಿಯನ್ನು ಜನ ಆರಾಮದ ವಿಷಯವೆಂದಷ್ಟೇ ತಿಳಿಯುತ್ತಾರೆ. ಅದು ನಾದದ ವಿಷಯವೂ ಹೌದು. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದ ಸಣ್ಣ ಸಂದಿನಿಂದಲೇ ಬೇಸ್ ಸೋರಿಹೋಗುತ್ತದೆ, ದಟ್ಟ ಕೂದಲಿನಿಂದಲೂ ಹಾಗೆಯೇ. ಸದಾ ಕನ್ನಡಕ ಧರಿಸುವವರು ಧರಿಸಿಯೇ ಪರೀಕ್ಷಿಸಬೇಕು. ಪ್ಯಾಡನ್ನು ಕಿವಿಯ ಮೇಲೆ ಒಂದು ಸೆಂಟಿಮೀಟರ್ ಹಿಂದೆ ಮುಂದೆ ಸರಿಸಿ ನೋಡಿ. ಟ್ರೆಬಲ್ ಎಷ್ಟು ಬದಲಾಗುತ್ತದೆಂಬುದು ಮೊದಲ ಸಲ ಗಮನಿಸುವವರಿಗೆ ಅಚ್ಚರಿ ತರುತ್ತದೆ. ಹಾಕಿಕೊಂಡಾಗಲೆಲ್ಲ ನಾದ ಬದಲಾಗುವಷ್ಟು ಸೂಕ್ಷ್ಮವಾದ ಹೆಡ್‌ಫೋನಿಗೆ, ಅದು ಸರಿಯಾಗಿ ಕೂತ ಕ್ಷಣದಲ್ಲಿ ಎಷ್ಟೇ ಚೆನ್ನಾಗಿದ್ದರೂ, ನಾನು ಸ್ವಲ್ಪ ಅಂಕ ಕಳೆಯುತ್ತೇನೆ.

ಇನ್ನು ಮನಸ್ಸಿನ ಪಾತ್ರ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಧ್ವನಿವರ್ಧಕಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಮಂಡಿಸಿದರು. ಅದೇ ಜನ ಅದೇ ಸ್ಪೀಕರುಗಳನ್ನು ಪರದೆಯ ಮರೆಯಲ್ಲಿ ಕೇಳಿದಾಗ ಕೊಟ್ಟ ಅಂಕಗಳಿಗೂ ಕಣ್ಣಾರೆ ನೋಡುತ್ತಾ ಕೇಳಿದಾಗ ಕೊಟ್ಟ ಅಂಕಗಳಿಗೂ ಗಣನೀಯ ವ್ಯತ್ಯಾಸವಿತ್ತು. ಹೆಡ್‌ಫೋನ್‌ಗಳಿಗೆ ಪರದೆ ಹಾಕುವುದು ಇನ್ನೂ ಕಷ್ಟ: ಕಣ್ಣು ಮುಚ್ಚಿದರೂ ತೂಕ ಮತ್ತು ಬಿಗಿತದಿಂದಲೇ ಯಾವುದು ಯಾವುದೆಂದು ತಲೆಗೆ ಗೊತ್ತಾಗುತ್ತದೆ. ಇದಕ್ಕೆ ಆಡಿಯೋ ಉಪಕರಣ ತಯಾರಿಸುವ ಹರ್ಮನ್ ಸಂಸ್ಥೆಯ ಸಂಶೋಧಕರು ಮುಂದೆ ಒಂದು ಜಾಣ ದಾರಿ ಕಂಡುಕೊಂಡರು. ಒಂದೇ ಹೆಡ್‌ಫೋನನ್ನು ತಲೆಯ ಮೇಲಿಟ್ಟು, ಉಳಿದ ಹೆಡ್‌ಫೋನ್‌ಗಳ ಆವರ್ತನ ಪ್ರತಿಕ್ರಿಯೆಯನ್ನು (ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆಂಬುದನ್ನು) ಸ್ವರಗಳ ಮಟ್ಟ ಏರಿಳಿಸುವ ಈಕ್ವಲೈಸರ್ ಮೂಲಕ ಅದರಲ್ಲೇ ಅನುಕರಿಸಿ ಕೇಳಿಸಿದರು. ನಮಗೆ ಆ ಸೌಕರ್ಯವಿಲ್ಲ. ಹಾಗಾಗಿ ನಾವು ಮಾಡಬಹುದಾದದ್ದೆಂದರೆ, ವಿಮರ್ಶೆಗಳನ್ನು ಕೇಳಿದ ನಂತರ ಓದುವುದು, ಮತ್ತು ಗಮನಿಸಿದ್ದನ್ನು ಇನ್ನೊಬ್ಬರೊಂದಿಗೆ ಮಾತನಾಡುವ ಮೊದಲೇ ಬರೆದಿಟ್ಟುಕೊಳ್ಳುವುದು.

ಬರೆದಿಡಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಾದದ ಸೂಕ್ಷ್ಮ ವಿವರಗಳು ನೆನಪಿನಲ್ಲಿ ಕೆಲವೇ ಸೆಕೆಂಡುಗಳ ಕಾಲ ನಿಲ್ಲುತ್ತವೆ. ನಾಲ್ಕು ನಿಮಿಷದ ಹಾಡನ್ನು ಒಂದರಲ್ಲಿ ಪೂರ್ತಿ ಕೇಳಿ, ಅನಂತರ ಇನ್ನೊಂದರಲ್ಲಿ ಪೂರ್ತಿ ಕೇಳಿದರೆ, ಹೋಲಿಕೆ ನಡೆಯುವುದು ಎರಡನೆಯ ನಾದಕ್ಕೂ ಮೊದಲನೆಯದರ ಬಗ್ಗೆ ನಮಗಿರುವ ಅಭಿಪ್ರಾಯಕ್ಕೂ ನಡುವೆ. ಹತ್ತು ಹದಿನೈದು ಸೆಕೆಂಡಿನ ತುಣುಕನ್ನು ಮತ್ತೆ ಮತ್ತೆ ಓಡುವಂತೆ ಇಟ್ಟು, ಬೇಗ ಬೇಗ ಬದಲಿಸುತ್ತಾ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕಂಠ ಯಾವುದರಲ್ಲಿ ಹತ್ತಿರವಿದೆ? ಈ ಡೋಲಿನ ಪೆಟ್ಟು ಯಾವುದರಲ್ಲಿ ಬೇಗ ನಿಲ್ಲುತ್ತದೆ?

ತುಣುಕುಗಳ ಆಯ್ಕೆಯಲ್ಲಿ ‘ಆಡಿಯೋಫೈಲ್’ ಎಂಬ ಹಣೆಪಟ್ಟಿಯ ಧ್ವನಿಮುದ್ರಣಗಳನ್ನು ನಾನು ಬದಿಗಿಡುತ್ತೇನೆ. ಅವು ಯಾವ ಹೆಡ್‌ಫೋನಿನಲ್ಲಿಯೂ ಚೆನ್ನಾಗಿಯೇ ಕೇಳುತ್ತವೆ. ನೀವು ವರ್ಷಗಳಿಂದ ಕೇಳುತ್ತಿರುವ, ಎಲ್ಲಿ ಉಸಿರಿದೆ ಎಲ್ಲಿ ಕೆಮ್ಮಿದೆ ಎಂದು ಗೊತ್ತಿರುವ ಮುದ್ರಣವೇ ಸರಿ. ಮಾತಿನ ಧ್ವನಿ ಬೇಕೇ ಬೇಕು, ಏಕೆಂದರೆ ಮನುಷ್ಯ ಕಂಠದಷ್ಟು ನಮಗೆ ಪರಿಚಿತವಾದ ನಾದ ಬೇರೊಂದಿಲ್ಲ. ಸಕಾರದಂಥ ಧ್ವನಿಗಳ ಶಕ್ತಿ ಬಹುಪಾಲು 5000ದಿಂದ 8000 ಹರ್ಟ್ಸ್ ನಡುವೆ ಇರುವುದರಿಂದ, ಅಲ್ಲಿ ಉಬ್ಬಿರುವ ಹೆಡ್‌ಫೋನಿನಲ್ಲಿ ಅವು ಚುಚ್ಚುತ್ತವೆ. ಪಿಯಾನೋ ತಗ್ಗಿನಿಂದ ತಾರಕ್ಕೆ ಒಂದೊಂದೇ ಸ್ವರವಾಗಿ ಏರುವ ಭಾಗವಿದ್ದರೆ, ಕೆಲವು ಸ್ವರಗಳು ಮಾತ್ರ ಎದ್ದು ಬರುತ್ತವೆಯೇ ಎಂದು ಗಮನಿಸಬಹುದು. ತಬಲಾ ವಾದಕರ ಎಡಗೈ ಬಾಯಾ ಎಂಬ ತಗ್ಗು ಸ್ವರದ ಎಡ ಡೋಲಿನ ಮೇಲೆ ಜಾರುವಾಗ ಬೇಸ್‌ನ ಸ್ವರ ಬದಲಾಗುವುದು ಕೇಳಬೇಕು, ಬರೀ ಗುಂಯ್ ಎಂಬ ಮೊಳಗಲ್ಲ. ಮೋನೋದಲ್ಲಿ ಒಂದು ಕಂಠವನ್ನು ಹಾಕಿ; ಅದು ತಲೆಯ ನಟ್ಟನಡುವೆ ನಿಲ್ಲಬೇಕು. ಪಕ್ಕಕ್ಕೆ ವಾಲಿದರೆ ಎಡಬಲಗಳನ್ನು ಅದಲುಬದಲು ಮಾಡಿ ಹಾಕಿಕೊಳ್ಳಿ. ವಾಲುವಿಕೆಯೂ ಅದಲುಬದಲಾದರೆ ದೋಷ ಹೆಡ್‌ಫೋನಿನಲ್ಲೋ ಅದಕ್ಕೆ ಸಂಕೇತ ಕೊಡುವ ಸಾಧನದಲ್ಲೋ ಇದೆ, ಇದ್ದಲ್ಲೇ ಉಳಿದರೆ ನಮ್ಮ ಕಿವಿಯಲ್ಲಿದೆ.

ಆವರ್ತನ ಪ್ರತಿಕ್ರಿಯೆಯನ್ನು ಅಳೆದು ಬಿಡಿಸಿದ ಗ್ರಾಫ್ ನೋಡಿಯೇ ತೀರ್ಮಾನಿಸಬಾರದೇ ಎಂದು ಕೇಳುವವರಿದ್ದಾರೆ. ಗ್ರಾಫ್ ಬಹಳ ಉಪಯುಕ್ತ, ಆದರೆ ಅದನ್ನು ಓದುವ ಕ್ರಮವಿದೆ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳ 3000 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಅನುರಣಿಸಿ, ಹೊರಕಿವಿಯ ಜೊತೆಗೂಡಿ, ಆ ಭಾಗವನ್ನು ಹತ್ತು ಡೆಸಿಬಲ್‌ಗೂ ಮೀರಿ ಎತ್ತುತ್ತದೆ. ಹುಟ್ಟಿದಂದಿನಿಂದ ಹಾಗೆಯೇ ಕೇಳಿದ ನಮಗೆ ಅದೇ ಸಹಜ. ಹೀಗಾಗಿ ಕಿವಿಯ ಆಕಾರದ ಅಳತೆಯ ಸಾಧನವಾದ ಕೃತಕ ಕಿವಿಯಲ್ಲಿ ಅಳೆದಾಗ ನೇರಗೆರೆಯಂತೆ ಕಾಣುವ ಹೆಡ್‌ಫೋನ್ ತಲೆಯ ಮೇಲೆ ಮಂಕಾಗಿ ಕೇಳುತ್ತದೆ. ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಹರ್ಮನ್ ಸಂಸ್ಥೆಯಲ್ಲಿ ಕಳೆದ ದಶಕದಲ್ಲಿ ರೂಪಿಸಿದ ಗುರಿರೇಖೆ ಬಹುಜನಕ್ಕೆ ಹಿಡಿಸುವ ಸಮತೋಲವನ್ನು ತೋರಿಸುತ್ತದೆ. ಒಂದು ಮಾದರಿ ಅದರಿಂದ ಎಲ್ಲಿ ಎಷ್ಟು ಸರಿದಿದೆ ಎಂದು ನೋಡಿ ಹತ್ತು ಮಾದರಿಗಳನ್ನು ಮೂರಕ್ಕೆ ಇಳಿಸಬಹುದು. ಆದರೆ 8000 ಹರ್ಟ್ಸ್ ದಾಟಿದ ಮೇಲಿನ ಏರಿಳಿತಗಳನ್ನು ಅಕ್ಷರಶಃ ನಂಬಬೇಡಿ. ಅಲ್ಲಿ ಅಲೆಗಳು ಕಿವಿಯ ಮಡಿಕೆಗಳಷ್ಟೇ ಚಿಕ್ಕವು. ಕೃತಕ ಕಿವಿಯ ಮಡಿಕೆಗಳು ನಿಮ್ಮವಲ್ಲ. ಆ ಮೂರರಲ್ಲಿ ಒಂದನ್ನು ಆರಿಸುವ ಕೆಲಸ ನಿಮ್ಮ ತಲೆಯ ಮೇಲೆಯೇ ನಡೆಯಬೇಕು.

ಈಕ್ವಲೈಸರ್ ಬಳಸುವುದನ್ನು ಮೋಸವೆಂದು ಭಾವಿಸುವವರೂ ಇದ್ದಾರೆ. ನಾನು ಅದನ್ನು ಪರೀಕ್ಷೆಯ ಉಪಕರಣವೆಂದೇ ಕಾಣುತ್ತೇನೆ. ಒಂದರ ಬೇಸ್ ಹೆಚ್ಚೆಂದು ಅದು ಇಷ್ಟವಾಯಿತೆನ್ನಿ. ಇನ್ನೊಂದಕ್ಕೆ 100 ಹರ್ಟ್ಸ್ ಕೆಳಗೆ ಮೂರು ನಾಲ್ಕು ಡೆಸಿಬಲ್ ಸೇರಿಸಿ, ಒಟ್ಟು ಮಟ್ಟವನ್ನು ಮತ್ತೆ ಸರಿದೂಗಿಸಿ ಕೇಳಿ. ಅಂತರ ಮಾಯವಾದರೆ ನೀವು ಮೆಚ್ಚಿದ್ದು ಖರ್ಚಿಲ್ಲದೆ ಸರಿಪಡಿಸಬಹುದಾದ ಸಂಗತಿ. ಏರಿಸಿದ ಬೇಸ್ ಒಡೆದು ಕರಕರ ಎಂದರೆ ಆ ಡ್ರೈವರಿನ ಮಿತಿ ಗೊತ್ತಾಯಿತು. ಅದನ್ನು ಯಾವ ಈಕ್ವಲೈಸರೂ ತಿದ್ದಲಾರದು.

ಓಪನ್-ಬ್ಯಾಕ್ ಕೊಳ್ಳುವವರು ಬಯಸುವ ವಿಶಾಲತೆಯ ಬಗ್ಗೆ ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ. ಸ್ಪೀಕರುಗಳ ಎದುರು ಕುಳಿತಾಗ ಎಡ ಸ್ಪೀಕರಿನ ಶಬ್ದ ಬಲಗಿವಿಗೂ ತಲುಪುತ್ತದೆ. ಹೆಡ್‌ಫೋನಿನಲ್ಲಿ ಬಹುಮಟ್ಟಿಗೆ ತಲುಪುವುದಿಲ್ಲ. ಹಾಗಾಗಿ ನಾದ ತಲೆಯೊಳಗೋ ಅದರ ಅಂಚಿನಲ್ಲೋ ನಿಲ್ಲುತ್ತದೆ, ಓಪನ್-ಬ್ಯಾಕ್ ಆದರೂ ಕೋಣೆಯಷ್ಟು ದೂರ ಹೋಗುವುದಿಲ್ಲ. 2009ರ ಸೆನ್‌ಹೈಸರ್ ಎಚ್‌ಡಿ 800ರಲ್ಲಿ 56 ಮಿಲಿಮೀಟರಿನ ಡ್ರೈವರನ್ನು ಕಿವಿಯಿಂದ ದೂರಕ್ಕೆ, ಓರೆಯಾಗಿ ಕೂರಿಸಿ, ಶಬ್ದ ಹೊರಕಿವಿಯನ್ನು ಮುಂದಿನಿಂದ ತಾಗುವಂತೆ ಮಾಡಿದ್ದು ಈ ಮಿತಿಯೊಳಗಿನ ಒಂದು ದಿಟ್ಟ ಪ್ರಯತ್ನ. ಪರೀಕ್ಷಿಸುವಾಗ ಒಂದು ವಿಷಯ ಗಮನಿಸಿ: 1000ದಿಂದ 3000 ಹರ್ಟ್ಸ್ ನಡುವೆ ತಗ್ಗಿರುವ ಹೆಡ್‌ಫೋನಿನಲ್ಲಿ ಗಾಯಕರು ಹಿಂದೆ ಸರಿದಂತಾಗಿ ಅದನ್ನೇ ವಿಶಾಲತೆ ಎಂದುಕೊಳ್ಳುವುದುಂಟು. ಕಂಠ ದೂರ ಹೋಗಿ, ವಾದ್ಯಗಳ ನಡುವಿನ ಅಂತರ ಹೆಚ್ಚದೇ ಇದ್ದರೆ, ನೀವು ಕೇಳಿದ್ದು ಆ ತಗ್ಗನ್ನೇ.

ಬೇಗ ಬೇಗ ಬದಲಿಸುವ ಪರೀಕ್ಷೆ ಮುಗಿದ ಮೇಲೆ ಪ್ರತಿಯೊಂದನ್ನೂ ಒಂದು ಗಂಟೆಯಾದರೂ ಬಿಡದೆ ಕೇಳಬೇಕು, ಏಕೆಂದರೆ ಕಿವಿಯ ದಣಿವು ಹದಿನೈದು ಸೆಕೆಂಡಿನಲ್ಲಿ ಗೊತ್ತಾಗದು. 260 ಗ್ರಾಂ ತೂಗುವ ಸೆನ್‌ಹೈಸರ್ ಎಚ್‌ಡಿ 600ಕ್ಕೂ 500 ಗ್ರಾಂ ಮೀರುವ ಆಡೀಜ್ ಎಲ್‌ಸಿಡಿ-2ಕ್ಕೂ ಇರುವ ಅಂತರ ಕುತ್ತಿಗೆಗೆ ತಿಳಿಯಲು ಕೂಡ ಅಷ್ಟು ಹೊತ್ತು ಬೇಕು. ಹೊಸ ಹೆಡ್‌ಫೋನ್ ಬಳಸುತ್ತಾ ಹೋದಂತೆ ಪಳಗುತ್ತದೆ ಎನ್ನುವವರಿಗೆ ನನ್ನ ಉತ್ತರವೂ ಇಲ್ಲೇ ಇದೆ: ಆ ಒಂದು ಗಂಟೆಯಲ್ಲಿ ಪಳಗುವುದು ಹೆಚ್ಚಾಗಿ ನಮ್ಮ ಕಿವಿ. ಆರಂಭದಲ್ಲಿ ಚುಚ್ಚಿದ ಟ್ರೆಬಲ್ ಆಮೇಲೆ ಚುಚ್ಚದಿದ್ದರೆ, ನಡುವೆ ಹಳೆಯ ಹೆಡ್‌ಫೋನ್ ಹಾಕಿ ಮತ್ತೆ ಇದಕ್ಕೆ ಬಂದು ನೋಡಿ; ಮತ್ತೆ ಚುಚ್ಚಿದರೆ ಪಳಗಿದ್ದು ಕಿವಿಯೇ.

ಹೆಡ್‌ಫೋನಿನಲ್ಲಿ ಕಾಲಕ್ರಮೇಣ ನಿಜಕ್ಕೂ ಬದಲಾಗುವುದು ಪ್ಯಾಡುಗಳು. ಅವು ಚಪ್ಪಟೆಯಾದಂತೆ ಡ್ರೈವರ್ ಕಿವಿಗೆ ಹತ್ತಿರವಾಗಿ ಸಮತೋಲ ಸರಿಯುತ್ತದೆ. ಆದ್ದರಿಂದ ಪ್ರದರ್ಶನಕ್ಕಿಟ್ಟ, ನೂರಾರು ಜನ ಹಾಕಿ ತೆಗೆದ ಹೆಡ್‌ಫೋನನ್ನು ಕೇಳುವ ಮೊದಲು ಬೆರಳಿನಿಂದ ಪ್ಯಾಡನ್ನು ಒತ್ತಿ ನೋಡಿ. ಮತ್ತು ಎರಡು ಮಾದರಿಗಳು ಸಮಸಮವಾಗಿ ಕಂಡರೆ, ತಯಾರಕರದೇ ಅಸಲಿ ಪ್ಯಾಡುಗಳು ಮುಂದೆಯೂ ಸಿಗುವಂಥದನ್ನು ಆರಿಸಿ, ಏಕೆಂದರೆ ಬೇರೆ ಬಟ್ಟೆ ಅಥವಾ ಚರ್ಮದ ಪ್ಯಾಡ್ ಹಾಕಿದ ದಿನ ನೀವು ಹೋಲಿಸಿ ಆರಿಸಿದ ನಾದ ನಿಮ್ಮ ಬಳಿ ಇರುವುದಿಲ್ಲ.